ತೋಡೂರಿನ ಚಳಿ, ಆಯಿ ಮನೆ ಸ್ಲ್ಯಾಬು

1/9

ಚಳಿಗಾಲ ಅಂದ ಕೂಡಲೇ ನಿಮ್ಮ ಫೀಡಿನಲ್ಲಿ ಏನೇನು ಬರ್ತದೆ ಅಂತ ನಂಗೆ ಗೊತ್ತು. ಮಂಜು, ಕಂಬಳಿ, ಕಾಫಿ ಲೋಟದ ಹೊಗೆ. ನನ್ನ ಹತ್ರ ಅದ್ಯಾವುದೂ ಇಲ್ಲ ಮಾರಾಯ್ರೆ. ಮೇಲಿನ ಫೋಟೋದಲ್ಲಿ ಕಾಣೋದು ಒಂದು ಮನೆಯೊಳಗೆ ಸಾಲಾಗಿ ನಿಂತ ಕಬ್ಬಿಣದ ಜಾಕುಗಳು, ಅವುಗಳ ಮೇಲೆ ಶೀಟು, ಶೀಟಿನ ಮೇಲೆ ನಾವು ಹಾಕಿದ ಸ್ಲ್ಯಾಬು. ಊರು ನಮ್ಮ ತೋಡೂರು. ಕೆಲಸ ಹಿಡಿದ ಮೇಸ್ತ್ರಿ ನನ್ನಪ್ಪ. ನಾನು ಡಿಪ್ಲೊಮಾ ಸಿವಿಲ್ ಕೊನೇ ವರ್ಷ, ರಜೆ ಸಿಕ್ಕಾಗೆಲ್ಲ ಅಪ್ಪನ ಸೈಟಿಗೆ ಹೋಗೋಳು ಅನ್ನೋದು ಕ್ಲಾಸಿನವರಿಗೆ ಗೊತ್ತೇ ಇದೆ.

ಈ ಸಲ ಬರೆಯೋದು ಆ ಜಾಕುಗಳ ಬಗ್ಗೆ ಆದ ಒಂದು ಜಗಳ. ಯಾವಾಗ ತೆಗೀಬೇಕು ಅನ್ನೋದೇ ಜಗಳ. ಆದ್ರೆ ಅದು ಅರ್ಥ ಆಗ್ಬೇಕು ಅಂದ್ರೆ ನಮ್ಮ ಕಡೆ ಚಳಿ ಹ್ಯಾಗಿರ್ತದೆ, ಆ ಚಳಿಯಲ್ಲಿ ಕೆಲಸ ಹ್ಯಾಗೆ ನಡೀತದೆ ಅಂತ ಮೊದಲು ಹೇಳಬೇಕು. ಒಂದು ಕ್ಯಾಪ್ಶನ್ನಿಗೆ 2,200 ಅಕ್ಷರ ಅಷ್ಟೇ ಹಿಡಿಯೋದು, ಹಾಗಾಗಿ ತುಂಡು ತುಂಡು ಮಾಡಿ ಹಾಕ್ತಿದ್ದೇನೆ. ಪುರುಸೊತ್ತು ಇದ್ದವರು ಓದಿ.

2/9

ನಮ್ಮ ಪುಸ್ತಕದಲ್ಲಿ ಚಳಿ ಹವೆಯ ಕಾಂಕ್ರೀಟು ಅಂತ ಒಂದು ಪಾಠ ಉಂಟು ನೆನಪಿದೆಯಾ? ಹವೆ 5 ಡಿಗ್ರಿಗಿಂತ ಕೆಳಗಿಳಿದ್ರೆ ಏನು ಮಾಡ್ಬೇಕು ಅನ್ನೋದು. ನೀರು ಹೆಪ್ಪುಗಟ್ಟಿದ್ರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ತದೆ, ಹಸಿ ಕಾಂಕ್ರೀಟಿನ ಒಳಗೇ ಹಿಗ್ಗಿದ್ರೆ ಅದರ ಕಥೆ ಅಲ್ಲಿಗೆ ಮುಗೀತು. ಅದಕ್ಕೇ ಕೆನಡಾ, ನಾರ್ವೆ ಕಡೆ ನೀರು ಬಿಸಿ ಮಾಡಿ ಕಲಸ್ತಾರೆ, ಸ್ಲ್ಯಾಬಿನ ಸುತ್ತ ಟೆಂಟು ಕಟ್ಟಿ ಒಳಗೆ ಹೀಟರ್ ಇಡ್ತಾರೆ. ಲಡಾಖಿನಲ್ಲಿ ಕಟ್ಟೋ ಕೆಲಸ ಅಂದ್ರೆ ಬೇಸಿಗೆಯ ಕೆಲವೇ ತಿಂಗಳು.

ಈ ಪಾಠ ನಡೆಯುವಾಗ ಹಿಂದಿನ ಬೆಂಚಿನವರು ನಕ್ಕಿದ್ದು ನಂಗೆ ಚೆನ್ನಾಗಿ ನೆನಪಿದೆ. ಕಾರವಾರದಲ್ಲಿ ಬೆವರು ಒರೆಸ್ಕೊಳ್ತಾ ಹಿಮದ ಪಾಠ! ನಮ್ಮಲ್ಲಿ ಜನವರಿ ರಾತ್ರಿ ಅಂದ್ರೂ 20 ಡಿಗ್ರಿಯ ಆಸುಪಾಸು. ಮಧ್ಯಾಹ್ನ 32, 33.

ಅವರಿಗೆ ಹಿಮ ಹ್ಯಾಗೋ ನಮಗೆ ಮಳೆ ಹಾಗೆ. ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗೀತದೆ. ಆ ನಾಲ್ಕು ತಿಂಗಳು ಅಪ್ಪನ ಥಾಪಿ, ಬಾಂಡ್ಲಿ ಎಲ್ಲಾ ಹಿತ್ತಲ ಕೊಟ್ಟಿಗೆಯಲ್ಲಿ. ಹೊರಗಿನ ಕೆಲಸ ಇಲ್ಲ, ಒಳಗಿನ ಪ್ಲಾಸ್ಟರ್ ಸಿಕ್ಕಿದ್ರೆ ಪುಣ್ಯ. ನನ್ನ ಕಾಲೇಜು ಫೀಸು, ಮನೆಯ ಅಕ್ಕಿ, ಅಜ್ಜಿಯ ಮಾತ್ರೆ, ಎಲ್ಲಾ ದೀಪಾವಳಿಯಿಂದ ಮೇ ತನಕ ದುಡಿದ ದುಡ್ಡಲ್ಲೇ ಆಗ್ಬೇಕು. ಹಾಗಾಗಿ ನಮ್ಮನೆಯಲ್ಲಿ ಚಳಿಗಾಲ ಅಂದ್ರೆ ದುಡಿಯೋ ಕಾಲ. ಅಪ್ಪ ಒಂದು ದಿನ ಜ್ವರ ಅಂತ ಮಲಗಿದ್ರೂ ಅಮ್ಮ ಕ್ಯಾಲೆಂಡರ್ ನೋಡ್ತಾಳೆ.

3/9

ಚಳಿ ಅಂದ್ರೆ ಬರೀ ಡಿಗ್ರಿ ಅಲ್ಲ. ಗಾಳಿ ನೋಡಿ.

ಬೆಳಗ್ಗೆ ಗಾಳಿ ಮೂಡಣ ದಿಕ್ಕಿನಿಂದ, ಘಟ್ಟದ ಕಡೆಯಿಂದ ಇಳೀತದೆ. ಅದು ಒಣ ಗಾಳಿ. ತುಟಿ ಒಡೆಯೋದು, ಹಿಮ್ಮಡಿ ಬಿರಿಯೋದು ಇದರಿಂದಲೇ. ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ಬರ್ತದೆ, ಆಗ ಮೈ ಅಂಟಂಟು. ಈ ಎರಡರ ನಡುವೆ, ಅಂದಾಜು ಹತ್ತರಿಂದ ಹನ್ನೆರಡು ಗಂಟೆ, ಸೈಟಿನಲ್ಲಿ ಅತ್ಯಂತ ಕೆಟ್ಟ ಹೊತ್ತು. ಬಿಸಿಲು ಏರಿರ್ತದೆ, ಒಣ ಗಾಳಿ ಇನ್ನೂ ನಿಂತಿರೂದಿಲ್ಲ. ಆಗ ಹಸಿ ಸ್ಲ್ಯಾಬಿನ ಮೇಲ್ಮೈಯ ನೀರು ಕೆಳಗಿನಿಂದ ಬರೋದಕ್ಕಿಂತ ಬೇಗ ಆರಿ ಹೋಗ್ತದೆ. ಮೇಲೆ ಕೂದಲಿನಂಥ ಬಿರುಕು. ನಮ್ಮ ಭಾಷೆಯಲ್ಲಿ ಪ್ಲಾಸ್ಟಿಕ್ ಶ್ರಿಂಕೇಜ್ ಕ್ರ್ಯಾಕ್. ಜನ ಇದು ಬೇಸಿಗೆಯ ಕಾಯಿಲೆ ಅಂದ್ಕೊಂಡಿದ್ದಾರೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಗಾಳಿಯಲ್ಲೇ ನೀರು ತುಂಬಿರ್ತದೆ, ನಾನು ಇಂಥ ಬಿರುಕು ಜಾಸ್ತಿ ಕಂಡಿದ್ದು ಜನವರಿಯಲ್ಲೇ.

ರಾತ್ರಿ ಇದರ ಉಲ್ಟಾ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗೋದು ಒಂದು ರಸಾಯನ ಕ್ರಿಯೆ, ತಣ್ಣಗಾದಷ್ಟೂ ಅದು ನಿಧಾನ. ಮೇ ತಿಂಗಳಲ್ಲಿ ಸಂಜೆ ಐದಕ್ಕೆ ಮುಗಿದ ಕಾಂಕ್ರೀಟಿಗೆ ಏಳಕ್ಕೆಲ್ಲ ಫಿನಿಶಿಂಗ್ ಮುಗಿಸಿ ಮನೆಗೆ ಬರೋ ಅಪ್ಪ, ಈಗ ಒಂಬತ್ತಕ್ಕೂ ಹಲಗೆ ಹಾಕಿ ಅದರ ಮೇಲೆ ಕೂತಿರ್ತಾನೆ.

ಇನ್ನು ಇಬ್ಬನಿ. ಬೆಳಗ್ಗೆ ಏಳಕ್ಕೆ ಸೂರ್ಯ ಕಾಣೋ ಹೊತ್ತಿಗೆ ಎಣ್ಣೆ ಸವರಿದ ಶೀಟಿನ ಮೇಲೆ ಇಬ್ಬನಿ ಕೂತಿರ್ತದೆ. ಕಾಲಿಟ್ಟರೆ ಜಾರೋದು ಗ್ಯಾರಂಟಿ. ಅಪ್ಪನ ಕಟ್ಟುನಿಟ್ಟು ಏನಂದ್ರೆ ಎಂಟರ ಮೊದಲು ಯಾರೂ ಮೇಲೆ ಹತ್ತಬಾರದು. ಅರ್ಧ ಗಂಟೆ ಕೂಲಿ ಹಾಳಾಗ್ತದೆ ಅಂತ ಗೊಣಗೋ ಮಾಲೀಕರಿಗೆ ಅವನು ಉತ್ತರ ಕೊಡೂದಿಲ್ಲ, ಬೀಡಿ ಹಚ್ತಾನೆ.

4/9

ಕೆಲಸಕ್ಕೆ ಜನ ಸಿಗೋದೂ ಹವೆಯ ಲೆಕ್ಕದಲ್ಲೇ.

ನವೆಂಬರ್‌ನಲ್ಲಿ ಭತ್ತದ ಕೊಯ್ಲು. ಊರಿನ ಹೆಂಗಸರು ಗದ್ದೆಗೆ ಹೋದ್ರೆ ಸೈಟಿನಲ್ಲಿ ಜಲ್ಲಿ ಹೊರೋರು ಇಲ್ಲ. ಕೊಯ್ಲು ಮುಗೀತು ಅನ್ನೋದರೊಳಗೆ ಅದೇ ಗದ್ದೆಯಲ್ಲಿ ತರಕಾರಿ ಸಾಲು ಶುರು. ಗಂಡಸರಲ್ಲಿ ಅರ್ಧ ಜನ ಗೋವಾಕ್ಕೆ ಹೋಗ್ತಾರೆ, ಅಲ್ಲಿ ಕೂಲಿ ಜಾಸ್ತಿ. ಉಳಿದವರು ರಾತ್ರಿ ಯಕ್ಷಗಾನ, ಭಾನುವಾರ ಕ್ರಿಕೆಟ್ ಟೂರ್ನಮೆಂಟು. ಸೋಮವಾರ ಬೆಳಗ್ಗೆ ಅಪ್ಪ ಫೋನ್ ಮಾಡೋದು ಕೇಳಬೇಕು ನೀವು, ಮೊದಲು ಬೈಗುಳ, ಆಮೇಲೆ ಯಾರು ಗೆದ್ರು ಅಂತ ವಿಚಾರಣೆ.

ಹಾಗಾಗಿ ನಿಜವಾಗಿ ಸ್ಲ್ಯಾಬು ಹಾಕೋರು ಬಯಲುಸೀಮೆಯವರು. ಬಾದಾಮಿ ಕಡೆಯ ಒಂದು ಕುಟುಂಬ ನಾಲ್ಕು ವರ್ಷದಿಂದ ಅಪ್ಪನ ಜೊತೆ ಉಂಟು. ಎಳ್ಳಮಾಸಿಗೆ ಊರಿಗೆ ಹೋಗಿ ಹೊಲದಲ್ಲಿ ಚರಗ ಚೆಲ್ಲಿ ಬಂದ್ರು, ಬರುವಾಗ ನಮಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ನಾನು ಸ್ವೆಟರ್ ಹಾಕ್ಕೊಂಡು ನಿಂತಿದ್ದು ನೋಡಿ ಆ ಮನೆಯ ಅಕ್ಕ ನಕ್ಕಿದ್ದೇ ನಕ್ಕಿದ್ದು. "ಇದಕ್ಕ ಥಂಡಿ ಅಂತೀಯೇನ್ ತಂಗಿ? ನಮ್ಮೂರಾಗ ನಸಿಕಿನ್ಯಾಗ ನೀರ್ ಮುಟ್ಟಿ ನೋಡ್ ಬಾ."

ಆದರೆ ರಾತ್ರಿ ಅವರ ತಗಡಿನ ಶೆಡ್ಡಿನಲ್ಲಿ ಕೂತು ನೋಡಿದ್ರೆ ನಗು ಬರೂದಿಲ್ಲ. ತಗಡಿನ ಒಳಮೈಗೆ ಇಬ್ಬನಿ ಹಿಡಿದು ತೊಟ್ಟಿಕ್ಕತದೆ. ಮಕ್ಕಳ ಹಾಸಿಗೆ ಒದ್ದೆ. ಹಾಗಂತ ಬಾಣಲೆಯಲ್ಲಿ ಕೆಂಡ ತುಂಬಿ ಒಳಗಿಟ್ಟು ಬಾಗಿಲು ಹಾಕಿ ಮಲಗೋ ಅಭ್ಯಾಸ ಕೆಲವರಿಗೆ. ದಯವಿಟ್ಟು, ನಿಮ್ಮ ಮನೆ ಹತ್ರ ಇಂಥ ಶೆಡ್ಡು ಇದ್ರೆ ಹೋಗಿ ಹೇಳಿ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಕೆಮ್ಮು ಬರೂದಿಲ್ಲ, ನಿದ್ದೆಯಲ್ಲೇ ಕೊಲ್ತದೆ. ಅಪ್ಪ ಈ ಸಲ ಬೆಂಕಿ ಹೊರಗೇ ಅಂತ ಹೇಳಿ, ತಗಡಿನ ಕೆಳಗೆ ಮಡಲು ಹೆಣೆಸಿ ಕಟ್ಟಿಸಿದ. ತೊಟ್ಟಿಕ್ಕೋದು ನಿಂತಿತು.

5/9

ಮೂರನೇ ಫೋಟೋ ಆ ಅಕ್ಕನ ಕೈ. ಕೇಳಿಯೇ ತೆಗೆದಿದ್ದು, ಮುಖ ಬೇಡ ಅಂದ್ಲು.

ಹಸಿ ಸಿಮೆಂಟಿನ ಕ್ಷಾರ ಸಾಮಾನ್ಯದ್ದಲ್ಲ, ಪಿಎಚ್ 12ರ ಮೇಲೆ. ಒಣ ಗಾಳಿಗೆ ಮೊದಲೇ ಒಡೆದ ಚರ್ಮದ ಸಂದಿಗೆ ಅದು ಇಳಿದ್ರೆ ಬೆರಳ ಸಂದಿ ಹುಣ್ಣಾಗ್ತದೆ. ಅದರ ಜೊತೆ ಸಿಮೆಂಟಿನಲ್ಲಿ ಕ್ರೋಮಿಯಂನ ಒಂದು ರೂಪ ಇರ್ತದೆ. ಒಮ್ಮೆ ಅದರ ಅಲರ್ಜಿ ಹತ್ತಿತೋ, ಜೀವನಪೂರ್ತಿ ಸಿಮೆಂಟು ಮುಟ್ಟಿದಾಗೆಲ್ಲ ತುರಿಕೆ. ಯುರೋಪಿನಲ್ಲಿ 2005ರಿಂದ ಸಿಮೆಂಟಿನಲ್ಲಿ ಅದು ಹತ್ತು ಲಕ್ಷಕ್ಕೆ ಎರಡು ಭಾಗ ಮೀರಬಾರದು ಅಂತ ನಿಯಮ ಮಾಡಿದ್ದು ಇದೇ ಕಾರಣಕ್ಕೆ.

ಅಪ್ಪನ ಕೈ ನೋಡಿ ಬೆಳೆದವಳು ನಾನು. ಡಿಸೆಂಬರ್ ಬಂತು ಅಂದ್ರೆ ಅಮ್ಮ ರಾತ್ರಿ ಮುರುಗಲ ತುಪ್ಪ ಕಾಯಿಸಿ ಅವನ ಅಂಗೈ, ಹಿಮ್ಮಡಿಗೆ ತುಂಬ್ತಾಳೆ. ಊಟ ಮಾಡುವಾಗ ಸಾರಿನ ಖಾರ ಬಿರುಕಿಗೆ ತಾಗಿ ಅವನು ಒಂದು ಕ್ಷಣ ಕೈ ಎತ್ತಿ ಹಿಡೀತಾನೆ, ಮತ್ತೆ ಊಟ ಮುಂದುವರಿಸ್ತಾನೆ. ಮಾತಿಲ್ಲ.

ರಬ್ಬರ್ ಕೈಚೀಲ ಏನೂ ದೊಡ್ಡ ಖರ್ಚಲ್ಲ. ನಾನು ತಂದುಕೊಟ್ಟೆ. ಅಕ್ಕ ಹಾಕ್ಕೊಂಡ್ಲು, ಅಪ್ಪ ಹಾಕ್ಕೊಳ್ಳಲಿಲ್ಲ. ಥಾಪಿ ಹಿಡಿತಕ್ಕೆ ಸಿಗೂದಿಲ್ಲವಂತೆ.

ಇನ್ನೊಂದು ವಿಷಯ, ಇದು ಓದ್ತಿರೋ ಕೂಲಿ ಕೆಲಸದವರ ಮಕ್ಕಳಿಗೆ. ಕಟ್ಟಡ ಕಾರ್ಮಿಕರ ಕಾನೂನು 1996ರಲ್ಲೇ ಬಂದಿತ್ತು. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60ರೊಳಗಿನ ಯಾರು ಬೇಕಾದ್ರೂ ಮಂಡಳಿಯಲ್ಲಿ ಹೆಸರು ಬರೆಸಬಹುದು. ನಮ್ಮ ಕಡೆ ಆ 90 ದಿನ ತುಂಬೋದು ಈ ಚಳಿಗಾಲದಲ್ಲೇ. ಮಳೆ ಬಂದು ಸೈಟು ಮುಚ್ಚಿದ ಮೇಲೆ ಸಹಿ ಹಾಕೋ ಮಾಲೀಕರನ್ನ ಎಲ್ಲಿ ಹುಡುಕ್ತೀರಿ? ಅಕ್ಕನ ಫಾರ್ಮು ಮೊನ್ನೆ ನಾನೇ ತುಂಬಿದೆ.

6/9

ಈಗ ಮನೆಯ ಕಥೆ.

ಮನೆ ಒಬ್ಬ ಆಯಿಯದ್ದು. ನಮ್ಮೂರಿನ ಸೀಬರ್ಡ್ ಕಾಲೊನಿ ನಿಮಗೆ ಗೊತ್ತು. 1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯ್ತು. ಇದು ಸಾಮಾನ್ಯ ಜ್ಞಾನದ ಪ್ರಶ್ನೆ. ಆ ಎರಡು ಇಸವಿಗಳ ನಡುವೆ ಕಾರವಾರ, ಅಂಕೋಲಾದ ಕಡಲ ಬದಿಯ 13 ಊರುಗಳ ಜನ ಮನೆ ಬಿಟ್ಟು ಎದ್ದು ಬಂದ್ರು. ಆಯಿ ಅವರಲ್ಲಿ ಒಬ್ಬಳು. ಅಲ್ಲಿ ಬಿಟ್ಟು ಬಂದ ಮನೆಯ ಜಗುಲಿಯ ಅಳತೆ ಅವಳಿಗೆ ಈಗಲೂ ಬಾಯಿಪಾಠ. ಅಪ್ಪನಿಗೆ ಹಾಲಿನ ಅಳತೆ ಕೊಟ್ಟಿದ್ದೂ ಅದೇ ಲೆಕ್ಕದಲ್ಲಿ. ಹಾಗಾಗಿ ಹಾಲು 5 ಮೀಟರ್ ಅಗಲ, ಕೋಣೆಗಳು 3 ಮೀಟರ್.

ಮೊದಲಿದ್ದ ಹಂಚಿನ ಮನೆಯ ಗೋಡೆ ಹೋದ ಮಳೆಗಾಲಕ್ಕಿಂತ ಮೊದಲೇ ಕುಸಿದಿತ್ತು. ಇಡೀ ಮಳೆಗಾಲ ಆಯಿ, ಅವಳ ಮಗ, ಸೊಸೆ, ಮೊಮ್ಮಕ್ಕಳು ಟಾರ್ಪಾಲಿನ ಕೆಳಗೆ ಇದ್ರು. ಈ ಸಲ ಜೂನ್ ಬರೋದರೊಳಗೆ ತಲೆ ಮೇಲೆ ಸೂರು ಬೇಕು, ಅದೊಂದೇ ಅವಳ ಹಠ.

ಗೋಡೆ ಚಿರೆಕಲ್ಲಿನದು. ಇದರ ಬಗ್ಗೆ ಒಂದು ಮಾತು ಹೇಳದೇ ಹೋದ್ರೆ ನಂಗೆ ಸಮಾಧಾನ ಇಲ್ಲ. ಫ್ರಾನ್ಸಿಸ್ ಬುಕಾನನ್ ಅನ್ನೋನು 1807ರ ತನ್ನ ಪ್ರವಾಸದ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ, ಮಲಬಾರಿನಲ್ಲಿ ನೋಡಿ. ನೆಲದೊಳಗೆ ಇದ್ದಾಗ ಮೆತ್ತಗೆ, ಕಡಿದು ಗಾಳಿಗಿಟ್ರೆ ಗಟ್ಟಿ. ಚಳಿಗಾಲದಲ್ಲಿ ಕ್ವಾರಿಯಿಂದ ಬರೋ ಕಲ್ಲು ಒಣಗಿ ಬಾಯಾರಿರ್ತದೆ. ನೀರು ಕುಡಿಸದೇ ಇಟ್ರೆ ಗಾರೆಯ ನೀರನ್ನೇ ಹೀರಿ ಬಿಡ್ತದೆ, ಆಮೇಲೆ ಸಂದಿಯ ಗಾರೆ ಬೆರಳಲ್ಲಿ ಕೆರೆದರೆ ಪುಡಿ ಪುಡಿ. ಹಿಂದಿನ ದಿನ ಸಂಜೆಯೇ ಕಲ್ಲಿನ ರಾಶಿಗೆ ನೀರು ಹೊಡೆಯೋದು ಆಯಿಯ ಮೊಮ್ಮಗನ ಡ್ಯೂಟಿ.

7/9

ಡಿಸೆಂಬರ್ ಕೊನೇ ಭಾನುವಾರ ಸ್ಲ್ಯಾಬು. ಒಂಬತ್ತಕ್ಕೆ ಮಿಕ್ಸರ್ ತಿರುಗಿತು, ನಾಲ್ಕೂವರೆಗೆ ಮುಗೀತು. ಹತ್ತು ಗಂಟೆಯ ಗಾಳಿಗೆ ಹೆದರಿ ಅಪ್ಪ ಮೂಡಣ ಬದಿಗೆ ಹಳೆ ಟಾರ್ಪಾಲು ಕಟ್ಟಿಸಿದ್ದ. ಆಯಿಯ ಮಳೆಗಾಲದ ಅದೇ ಟಾರ್ಪಾಲು. ಮರುದಿನ ಬೆಳಗ್ಗೆಯಿಂದ ಕ್ಯೂರಿಂಗ್. ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ವಿ, ಬೀಮಿನ ಬದಿಗೆ ಒದ್ದೆ ಗೋಣಿಚೀಲ. ಬಾವಿಯಲ್ಲಿ ಈಗ ನೀರು ಚೆನ್ನಾಗಿದೆ. ಇದೇ ಕೆಲಸ ಏಪ್ರಿಲ್‌ಗೆ ಬಿದ್ರೆ ಟ್ಯಾಂಕರ್ ತರಿಸಬೇಕು.

ಏಳನೇ ದಿನ ಸೆಂಟ್ರಿಂಗಿನವರು ಗಾಡಿ ತಂದು ನಿಂತ್ರು. "ಮೇಸ್ತ್ರಿ, ಏಳು ದಿವ್ಸ ಆಯ್ತಲ್ಲ. ನಂಗೆ ಅಮದಳ್ಳಿಲಿ ಇನ್ನೊಂದು ಸ್ಲ್ಯಾಬು ಉಂಟು, ಶೀಟು ಜಾಕು ಎಲ್ಲಾ ಬೇಕು."

ಅವರದ್ದೂ ತಪ್ಪಲ್ಲ. ಚಳಿಗಾಲದಲ್ಲಿ ಎಲ್ಲರ ಸ್ಲ್ಯಾಬೂ ಒಟ್ಟಿಗೇ. ಶೀಟು ಇದ್ದಷ್ಟೇ ಇರೋದು, ಅವರ ದುಡಿಮೆಯ ತಿಂಗಳೂ ಇವೇ.

ಅಪ್ಪ "ಆಗೂದಿಲ್ಲ" ಅಂದ. ಅವರು ದಿನದ ಬಾಡಿಗೆ ಲೆಕ್ಕ ಹಾಕಿ ಆಯಿಯ ಮಗನಿಗೆ ಹೇಳಿದ್ರು. ಅವನ ಮುಖ ಇಳೀತು. "ಮೇಸ್ತ್ರಿ, ನನ್ ಹತ್ರ ಕಿಟಕಿಗೆ ಇಟ್ಟ ದುಡ್ಡು ಬಿಟ್ರೆ ಬೇರೆ ಇಲ್ಲ. ಎಲ್ಲಾರೂ ಏಳಕ್ಕೇ ತೆಗೀತಾರೆ, ನಿಮ್ಮದೊಂದೇ ಎಂತಕ್ಕೆ ಹೀಗೆ?"

ಅಪ್ಪ ನನ್ನ ಕಡೆ ತಿರುಗಿ, "ಮಗಾ, ನಿನ್ ಪುಸ್ತಕದಲ್ಲಿ ಎಂತ ಉಂಟು, ಓದು" ಅಂದ. ಇಷ್ಟು ವರ್ಷದಲ್ಲಿ ಅಪ್ಪ ಸೈಟಿನಲ್ಲಿ ಎಲ್ಲರ ಎದುರು ಹಾಗೆ ಕೇಳಿದ್ದು ಅದೇ ಮೊದಲು.

8/9

ಫೋನಿನಲ್ಲಿ ಇದ್ದದ್ದು ಐಎಸ್ 456, 2000ನೇ ಇಸವಿಯದ್ದು. ಪರೀಕ್ಷೆಗೆ ನಾವೆಲ್ಲ ಉರು ಹೊಡೆದ ಅದೇ ಪಟ್ಟಿ. ಸ್ಲ್ಯಾಬು 4.5 ಮೀಟರ್ ಒಳಗಿದ್ರೆ ಜಾಕು 7 ದಿನ, ಮೀರಿದ್ರೆ 14. ಬೀಮು 6 ಮೀಟರ್ ಒಳಗೆ 14, ಮೀರಿದ್ರೆ 21. "ಎಲ್ಲಾರೂ ಏಳಕ್ಕೇ" ಅನ್ನೋದು ಹುಟ್ಟಿದ್ದು ಮೊದಲನೇ ಸಾಲಿನಿಂದ. ಆಯಿಯ ಹಾಲು 5 ಮೀಟರ್, ಅದು ಆ ಸಾಲಿಗೆ ಸೇರೂದೇ ಇಲ್ಲ.

ಪಟ್ಟಿಯ ಮೇಲೆ ಒಂದು ವಾಕ್ಯ ಇದೆ, ನಾವು ಉರು ಹೊಡೆಯುವಾಗ ಬಿಟ್ಟು ಬಿಡೋದು. ಹವೆ 15 ಡಿಗ್ರಿಗಿಂತ ಕೆಳಗೆ ಇಳೀಬಾರದು, ಸಿಮೆಂಟು ಸಾಧಾರಣ ಪೋರ್ಟ್‌ಲ್ಯಾಂಡ್ ಆಗಿರಬೇಕು, ಕ್ಯೂರಿಂಗ್ ಸರಿಯಾಗಿ ಆಗಿರಬೇಕು. ಆಗ ಮಾತ್ರ ಈ ದಿನಗಳು. ತೋಡೂರಿನಲ್ಲಿ 15ಕ್ಕೆ ಇಳಿಯೋದು ಅಪರೂಪ. ಆದರೆ ಜೋಯಿಡಾ, ಯಲ್ಲಾಪುರದ ಕಡೆಯ ಗೆಳೆಯರೇ, ನಿಮ್ಮಲ್ಲಿ ಇಳೀತದೆ, ನೆನಪಿಡಿ.

ಚಳಿಯಿಂದ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿ ತೋರಿಸಿದೆ. ನರ್ಸ್–ಸಾಲ್ ಸೂತ್ರ: ಸರಾಸರಿ ಡಿಗ್ರಿಗೆ 10 ಕೂಡಿಸಿ, ದಿನಗಳಿಂದ ಗುಣಿಸಿ. ಮೇ ತಿಂಗಳ 30 ಡಿಗ್ರಿಯಲ್ಲಿ 7 ದಿನ ಅಂದ್ರೆ 280. ಈಗಿನ 26 ಡಿಗ್ರಿಯಲ್ಲಿ ಅದೇ 280 ಆಗೋಕೆ ಸುಮಾರು 8 ದಿನ. ಘಟ್ಟದ ಮೇಲೆ ಸರಾಸರಿ 20 ಇದ್ರೆ 9 ದಿನ ಮೀರ್ತದೆ. ಅಂದ್ರೆ ನಮ್ಮ ಕಡೆ ಚಳಿ ತಿನ್ನೋದು ಒಂದೇ ದಿನ. ಇದನ್ನ ಉಬ್ಬಿಸಿ ಹೇಳೋಕೆ ನಂಗೆ ಇಷ್ಟ ಇಲ್ಲ.

ದೊಡ್ಡ ವಿಷಯ ಸಿಮೆಂಟಿನದು. ಉಪ್ಪು ಗಾಳಿಗೆ ಒಳ್ಳೇದು ಅಂತ ನಾವು ಹಾಕಿದ್ದು ಸ್ಲ್ಯಾಗ್ ಬೆರೆಸಿದ ಸಿಮೆಂಟು. ಅದು ಕೊನೆಗೆ ಗಟ್ಟಿಯೇ, ಆದರೆ ಶುರುವಿನಲ್ಲಿ ಆಲಸಿ, ಚಳಿಗೆ ಇನ್ನೂ ಆಲಸಿ. ಇಂಥ ಸಿಮೆಂಟಿಗೆ ಕ್ಯೂರಿಂಗೇ ಕನಿಷ್ಠ 10 ದಿನ, 14ರ ತನಕ ಮಾಡಿದ್ರೆ ಒಳ್ಳೇದು ಅಂತ ಅದೇ ಪುಸ್ತಕ ಹೇಳ್ತದೆ.

ಸೆಂಟ್ರಿಂಗಿನವರು ಪೂರ್ತಿ ಕೇಳಿದ್ರು. "ಪುಸ್ತಕದಲ್ಲಿ ಬಾಡಿಗೆ ಯಾರು ಕೊಡೂದು ಅಂತ ಬರ್ದಿದೆಯಾ ತಂಗಿ?" ಅಂದ್ರು.

ಇಲ್ಲ, ಬರೆದಿಲ್ಲ.

9/9

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಯಿ ಒಳಗಿಂದ ಬಂದು ಜಾಕುಗಳ ನಡುವೆ ನಿಂತು ಮೇಲೆ ನೋಡಿದ್ಲು. ಅಪ್ಪನಿಗೆ ಕೊಂಕಣಿಯಲ್ಲಿ ಕೇಳಿದ್ದು ಒಂದೇ ಮಾತು. ಇದರ ಕೆಳಗೆ ನನ್ನ ಮೊಮ್ಮಕ್ಕಳು ಮಲಗೋದು, ನಿನ್ನ ಮಗಳು ಮಲಗೋದಾದ್ರೆ ಎಷ್ಟು ದಿನ ಬಿಡ್ತಿದ್ದೆ? ಅಪ್ಪ "ಇಪ್ಪತ್ತೊಂದು" ಅಂದ.

ಕೊನೆಗೆ ಆದದ್ದು ಇಷ್ಟು. 3 ಮೀಟರಿನ ಎರಡು ಕೋಣೆಗಳ ಶೀಟು, ಜಾಕು 10ನೇ ದಿನ ತೆಗೆಯೋದು, ಅವು ಅಮದಳ್ಳಿಗೆ ಹೋಗೋದು. ಹಾಲು ಮತ್ತು ಬೀಮಿನ ಕೆಳಗಿನವು 21ರ ತನಕ ಅಲುಗಾಡಬಾರದು. 14ರಿಂದ 21ರ ತನಕದ ಬಾಡಿಗೆಯಲ್ಲಿ ಅರ್ಧ ಆಯಿಯ ಮಗ, ಅರ್ಧ ಅಪ್ಪ. ಅಪ್ಪನ ಪಾಲು ಅವನ ಕೊನೇ ಬಿಲ್ಲಿನಲ್ಲಿ ಕಡಿತ. ಮನೆಗೆ ಬಂದು ಹೇಳಿದಾಗ ಅಮ್ಮ ಕ್ಯಾಲೆಂಡರ್ ನೋಡಲಿಲ್ಲ, ಅಪ್ಪನನ್ನೇ ನೋಡಿದ್ಲು. ಆ ವಾರ ನಮ್ಮನೆಗೆ ಮೀನು ಬರಲಿಲ್ಲ, ಅಷ್ಟೇ.

ನಂಗೆ ಇನ್ನೂ ಒಂದು ಪ್ರಶ್ನೆ ಉಳಿದಿದೆ. 14ಕ್ಕೇ ತೆಗೆದಿದ್ರೂ ಬಹುಶಃ ಏನೂ ಆಗ್ತಿರಲಿಲ್ಲ. ಸೆಂಟ್ರಿಂಗಿನವರು ಹೇಳೋದೂ ಅದನ್ನೇ, ಅವರು ತೆಗೆದ ನೂರಾರು ಸ್ಲ್ಯಾಬುಗಳು ನಿಂತಿವೆ. ಕಾಂಕ್ರೀಟಿನ ಕ್ಯೂಬು ಒಡೆದು ನೋಡಿದ್ರೆ ನಿಖರವಾಗಿ ತಿಳೀತಿತ್ತು, ಆದರೆ ಹಳ್ಳಿಯ ಮನೆಗೆ ಯಾರು ಕ್ಯೂಬು ಹಾಕಿ ಲ್ಯಾಬಿಗೆ ಕಳಿಸ್ತಾರೆ? ಮುಂದಿನ ಮನೆಗೆ ಆರು ಕ್ಯೂಬು ಹಾಕಿಸಬೇಕು ಅಂತ ಅಪ್ಪನ ಹತ್ರ ಹೇಳಿದ್ದೇನೆ. ಅಚ್ಚು ಎಲ್ಲಿ ಸಿಗ್ತದೆ ಅಂತ ಕೇಳಿದ. ನಮ್ಮ ಕ್ಲಾಸಿನ ಯಾರ ಮನೆಯಲ್ಲಾದ್ರೂ 150 ಮಿಲಿಮೀಟರಿನ ಅಚ್ಚು ಇದ್ರೆ ಮೆಸೇಜ್ ಮಾಡಿ, ವಾಪಸ್ ಕೊಡ್ತೇನೆ.

10ನೇ ದಿನ ಕಾಲೇಜು ಮುಗಿಸಿ ಬರುವಾಗ ಕೋಣೆಗಳ ಶೀಟು ತೆಗೆದಾಗಿತ್ತು. ಅಡಿಭಾಗ ನಯವಾಗಿ ಬಂದಿದೆ, ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಜೇನುಗೂಡಿನ ಹಾಗೆ ತೂತು. ವೈಬ್ರೇಟರ್ ಅಲ್ಲಿಗೆ ಮುಟ್ಟಿಲ್ಲ, ಅಪ್ಪ ತುಂಬಿ ಕೊಟ್ಟ. ಆಯಿ ಆಗಲೇ ಅಲ್ಲಿ ಚಾಪೆ ಹಾಸಿದ್ಲು.

ನಾಳೆ ಭಾನುವಾರ, 21ನೇ ದಿನ. ಇಬ್ಬನಿ ಆರಿದ ಮೇಲೆ, ಎಂಟಕ್ಕೆ, ಹಾಲಿನ ಜಾಕು ತೆಗೀತಾರೆ. ನಡುವಿನಿಂದ ಶುರು ಮಾಡಿ ಗೋಡೆ ಕಡೆಗೆ. ನೋಡೋಕೆ ಬರೋರು ಬನ್ನಿ, ಹೊರಗೆ ತೆಂಗಿನ ಮರದ ಹತ್ರ ನಿಲ್ಲಿ, ಸ್ಲ್ಯಾಬಿನ ಕೆಳಗೆ ಬರೋದು ಬೇಡ. ಬಾದಾಮಿ ಅಕ್ಕ ಸಜ್ಜೆ ರೊಟ್ಟಿ ಮಾಡ್ತೇನೆ ಅಂದಿದ್ದಾಳೆ.